ತೆರೆಸಿದ ಕಣ್ಣು

“ಎಡಕ್ಕೆ ಎತ್ತೇ, ಎಡಕ್ಕೆ! ನಿನ್ನೆಡ ಅಲ್ಲ, ನನ್ನೆಡ!”

ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಪುಟ್ಟಿ ನೂಕುತ್ತಿದ್ದಳು, ಹೊರಗಿನಿಂದ ಪಕ್ಕದ ಮನೆಯ ಬಡಗಿ ಎಳೆಯುತ್ತಿದ್ದ, ಅವನ ಬೆನ್ನಿಗೆ ನಿಂತು ಅತ್ತೆ ಇಬ್ಬರಿಗೂ ಅಪ್ಪಣೆ ಕೊಡುತ್ತಿದ್ದಳು. ಪುಟ್ಟಿಯ ಹಿಂದೆ, ಕಿಟಕಿಯ ಕೆಳಗಿನ ಮಂಚದಲ್ಲಿ, ಅಪ್ಪ ಗಲ್ಲದವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ಬಂದವರು ಅವನ ಸುತ್ತ ನಿಲ್ಲಬೇಕಾದರೆ ಮೇಜು ಹೊರಗೆ ಹೋಗಲೇಬೇಕಿತ್ತು. ಈಗ ಮೇಜಿನಿಂದಾಗಿಯೇ ಯಾರೂ ಒಳಗೆ ಬರುವಂತಿರಲಿಲ್ಲ. ವೆರಾಂಡದಲ್ಲಿ ಜನ ಹೂವು ಹಿಡಿದುಕೊಂಡು, ಬಸ್ಸಿಗೆ ಕಾದವರ ಹಾಗೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತ ನಿಂತಿದ್ದರು.

“ಇದು ಒಳಗೆ ಬಂದಿದ್ದಾದ್ರೂ ಹೇಗೆ?” ಬಡಗಿ ಬೆವರು ಒರೆಸಿಕೊಂಡ.

“ಮೊದ್ಲು ಮೇಜು ಇಟ್ರು, ಆಮೇಲೆ ಸುತ್ತ ಗೋಡೆ ಕಟ್ಟಿದ್ರು,” ಎಂದಳು ಅತ್ತೆ. “ನಮ್ಮಣ್ಣನ ಕೆಲ್ಸ ಎಲ್ಲಾ ಹಾಗೇ.”

ಯಾರೋ ನಕ್ಕರು. ಎಲ್ಲಿ ನಿಂತಿದ್ದೇವೆಂಬುದು ನೆನಪಾಗಿ ಕೆಮ್ಮಿದರು.

ಬಡಗಿ ಮೇಜನ್ನು ಓರೆ ಮಾಡಿದ. ಅದರ ಕಾಲು ಚೌಕಟ್ಟಿಗೆ ಉಜ್ಜಿ ಕಿರ್ ಎಂದಿತು, ಮೇಜು ಹೊರಗೆ ಜಾರಿತು, ಜಾರುವ ಭರಕ್ಕೆ ಡ್ರಾಯರು ಕಳಚಿ ಬಿತ್ತು. ಕುಂಚಗಳು, ಭೂತಗನ್ನಡಿ, ಬಣ್ಣ ಕಲಸುವ ಪುಟ್ಟ ಬಟ್ಟಲುಗಳು, ಹಳೆಯ ಫೋಟೊಗಳು ವೆರಾಂಡದ ತುಂಬ ಚೆಲ್ಲಾಪಿಲ್ಲಿಯಾದವು.

“ಟಚ್ಚಪ್ಪನ ಅಂಗಡಿ ಬಾಗಿಲು ತೆಗೀತು ನೋಡಿ,” ಎಂದರು ಮೂಲೆಯ ಕುರ್ಚಿಯಲ್ಲಿದ್ದ ಯಜಮಾನರು. ಫೋಟೊ ಸ್ಟುಡಿಯೋ ಅವರದಾಗಿತ್ತು. ಅಪ್ಪ ಅಲ್ಲಿ ಜೀವಮಾನವಿಡೀ ಟಚಪ್ ಕೆಲಸ ಮಾಡಿದವನು. ಮೊಡವೆ ಅಳಿಸುವುದು, ಬೋಳು ತಲೆಗೆ ಕೂದಲು ಹಚ್ಚುವುದು, ದಾರಿಯಲ್ಲಿ ಜಗಳವಾಡಿಕೊಂಡು ಬಂದ ಗಂಡ ಹೆಂಡಿರ ಹುಬ್ಬು ಸಡಿಲಿಸುವುದು. ಊರು ಅವನ ಹೆಸರು ಮರೆತು ಟಚ್ಚಪ್ಪ ಎಂದೇ ಕರೆಯುತ್ತಿತ್ತು. ಕೊನೆಕೊನೆಗೆ ಅವನೂ ಫೋನಿನಲ್ಲಿ ಹಾಗೆಯೇ ಹೇಳಿಕೊಳ್ಳುತ್ತಿದ್ದ.

ಪುಟ್ಟಿ ಮಂಡಿಯೂರಿ ಫೋಟೊಗಳನ್ನು ಆಯ್ದುಕೊಂಡಳು. ಊರಿನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಮುತ್ತಜ್ಜ ಸಿಕ್ಕಿದ. ಕನ್ನಡಿ ಮಾರುತ್ತಿದ್ದ ದೊಡ್ಡಜ್ಜ ಸಿಕ್ಕಿದ. ಅಜ್ಜಿ ಮಾತ್ರ ಕಾಣಲಿಲ್ಲ. ತಲೆಯೆತ್ತಿದರೆ, ಮೆಟ್ಟಿಲ ಕೆಳಗೆ ಬಸ್ ಕಂಡಕ್ಟರಿನ ಸಮವಸ್ತ್ರ ತೊಟ್ಟ ಒಬ್ಬ ಹೆಂಗಸು ನಿಂತಿದ್ದಳು. ಕೂದಲು ಮುಕ್ಕಾಲು ನರೆತಿತ್ತು. ಅಜ್ಜಿ ಅವಳ ಕೈಯಲ್ಲಿದ್ದಳು.

“ಅದು ಕೊಡಿ. ನಮ್ಮಜ್ಜಿದು.”

“ಸಾವಾಗಿರೋ ಮನೆ ಅಂತ ಗೊತ್ತಿರ್ಲಿಲ್ಲ,” ಎಂದಳು ಹೆಂಗಸು. “ಗ್ಯಾಲರಿಯವ್ರು ವಿಳಾಸ ಕೊಟ್ರು, ಬಂದೆ. ಗೊತ್ತಿದ್ರೆ ಖಂಡಿತ ಇವತ್ತು ಬರ್ತಿರ್ಲಿಲ್ಲ.” ಆದರೆ ಫೋಟೊ ಕೊಡಲಿಲ್ಲ. “ಇದು ನಿಮ್ಮಜ್ಜಿ ಅಲ್ಲಮ್ಮ. ನಮ್ಮಮ್ಮ.”

* * *

ಪುಟ್ಟಿ ಚಿಕ್ಕವಳಿದ್ದಾಗ ಅದೇ ಮೇಜಿನ ಕೆಳಗೆ ನೆಟ್ಟಗೆ ಕೂತರೂ ತಲೆ ತಾಗುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಸ್ಟುಡಿಯೋದ ಕೆಲಸವನ್ನು ಮನೆಗೆ ತರತೊಡಗಿದ್ದ. ಮೇಲೆ ಅವನ ಕುಂಚ ಸದ್ದಿಲ್ಲದೆ ಆಡುತ್ತಿತ್ತು, ಕೆಳಗೆ ಅವಳು ಅವನ ಪಾದದ ಮೇಲೆ ಕೂತು ಕತೆ ಕೇಳುತ್ತಿದ್ದಳು.

“ಅಜ್ಜಿ ಏನ್ ಕೆಲ್ಸ ಮಾಡ್ತಿದ್ರು?”

“ಟೆಲಿಫೋನ್ ಆಫೀಸಲ್ಲಿ ತಂತಿ ಜೋಡಿಸ್ತಿದ್ಲು. ಊರಿನ ಗುಟ್ಟೆಲ್ಲ ಅವಳ ಕಿವಿಗೆ ಬೀಳ್ತಿತ್ತು, ಒಂದೂ ಬಾಯಿಗೆ ಬರ್ತಿರ್ಲಿಲ್ಲ. ಒಂದಿನ ಯಾರೋ ಗಾಬರೀಲಿ ಬೆಂಕಿ ಆರಿಸೋರಿಗೆ ಫೋನ್ ಮಾಡಿದ್ರು. ಬೆಂಕಿ ಬಿದ್ದಿದ್ದು ಅಜ್ಜಿ ಮನೆಗೇ. ಅವಳೇನ್ ಮಾಡಿದ್ಲು ಹೇಳು?”

“ಓಡಿದ್ರು!”

“ಮೊದ್ಲು ತಂತಿ ಜೋಡಿಸಿದ್ಲು. ಆಮೇಲೆ ಓಡಿದ್ಲು.”

ಆ ಬೆಂಕಿ ಒಂದು ದಿನ ಪರದೆಯನ್ನಷ್ಟೇ ಸುಡುತ್ತಿತ್ತು, ಇನ್ನೊಂದು ದಿನ ಇಡೀ ಮನೆಯನ್ನು ನುಂಗುತ್ತಿತ್ತು. ಒಮ್ಮೆ ಬೆಕ್ಕೂ ಸತ್ತಿತು.

“ನಿನ್ನೆ ಬೆಕ್ಕು ಕಿಟಕಿಯಿಂದ ಹಾರಿತ್ತು!” ಪುಟ್ಟಿ ಮೇಜಿನ ಕೆಳಗಿನಿಂದಲೇ ತಕರಾರು ತೆಗೆದಳು.

“ಇವತ್ತು ಬೆಕ್ಕಿಗೆ ಹುಷಾರಿರ್ಲಿಲ್ಲ,” ಎಂದ ಅಪ್ಪ.

ಇನ್ನೊಂದು ಸಲ, ಫೋಟೊಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿಕೊಂಡು ಅವಳು ಕೇಳಿದ್ದಳು: “ನಮ್ಮೋರೆಲ್ಲ ಯಾಕೆ ಒಂದೇ ಥರ ನೋಡ್ತಾರೆ?” ಅಪ್ಪನ ಕುಂಚ ನಿಂತಿತು. “ಒಂದೇ ಮನೆಯೋರು ಅಂದ್ಮೇಲೆ ಇನ್ನೇನು,” ಎಂದ. ಆ ದಿನ ಮುಂದಿನ ಕತೆ ಬರಲಿಲ್ಲ.

ಆ ಕತೆಗಳನ್ನು ತಿಂದು ಅವಳು ಬೆಳೆದಳು. ಚಿತ್ರ ಕಲಿತಳು, ಯಾರ್ಯಾರದೋ ಗುಂಪು ಪ್ರದರ್ಶನಗಳ ಮೂಲೆಗಳಲ್ಲಿ ಒಂದೊಂದು ಚಿತ್ರ ತೂಗುಹಾಕಿದಳು. ಕೊನೆಗೆ ತನ್ನದೇ ಒಂದು ಪ್ರದರ್ಶನ ಒದಗಿ ಬಂದಾಗ ಏನು ಬರೆಯಬೇಕೆಂದು ಯೋಚಿಸಲೇ ಇಲ್ಲ. ಆ ಫೋಟೊಗಳನ್ನೇ ನೋಡಿ ಬರೆದ ಗೋಡೆಯೆತ್ತರದ ಮುಖಗಳು. ಪ್ರತಿಯೊಂದರ ಪಕ್ಕದಲ್ಲೂ ಹೆಡ್‌ಫೋನಿನಲ್ಲಿ ಕೇಳಲು ಅಪ್ಪನ ದನಿಯಲ್ಲಿ ಆ ಮುಖದ ಕತೆ. ಪ್ರದರ್ಶನಕ್ಕೆ ‘ನಮ್ಮವರು’ ಎಂದು ಹೆಸರಿಟ್ಟಳು.

* * *

ಕಂಡಕ್ಟರ್ ಹೆಂಗಸು ಮೊದಲು ಒಳಗೆ ಹೋಗಿ ಅಪ್ಪನ ಕಾಲ ಬಳಿ ತಲೆ ತಗ್ಗಿಸಿ ನಿಂತಳು. ಆಮೇಲೆ ಹೊರಬಂದು ಮೇಜಿನ ಪಕ್ಕದ ಬೆಂಚಿನಲ್ಲಿ ಕೂತಳು. ಬಸ್ಸಿನ ಗದ್ದಲದಲ್ಲಿ ಪಳಗಿದ ಗಂಟಲು ಅವಳದು. ಪಿಸುಗುಟ್ಟಿದರೂ ಇಡೀ ವೆರಾಂಡಕ್ಕೆ ಕೇಳುತ್ತಿತ್ತು.

“ನಿನ್ನೆ ಗ್ಯಾಲರಿ ಮುಂದೆ ಬಸ್ ಕೆಟ್ಟು ನಿಂತಿತ್ತು. ಗಾಜಿನ ಬಾಗಿಲಾಚೆ ಅಮ್ಮ ಕಾಣಿಸಿದ್ಲು. ಗೋಡೆ ಎತ್ತರ. ಪ್ಯಾಸೆಂಜರ್‌ಗಳನ್ನ ನಡುಬೀದೀಲಿ ಬಿಟ್ಟು ಒಳಗೆ ಓಡ್ದೆ. ನೋಡಿದ್ರೆ ಕೆಳಗೆ ‘ನನ್ನ ಅಜ್ಜಿ’ ಅಂತ ಬರ್ದಿತ್ತು.” ಅವಳು ಸಣ್ಣಗೆ ನಕ್ಕಳು. “ಒಂದು ಕ್ಷಣ, ಹಾಗಾದ್ರೆ ನಂಗೊಬ್ಳು ಮಗಳಿದಾಳೆ, ನಾನೇ ಮರ್ತುಬಿಟ್ಟಿದೀನಿ ಅನ್ನಿಸ್ಬಿಡ್ತು.”

“ಮುಖ ಹೋಲೋರು ಬೇಕಾದಷ್ಟು ಜನ ಇರ್ತಾರೆ,” ಎಂದಳು ಪುಟ್ಟಿ. ತನ್ನ ದನಿ ಇಷ್ಟು ಒರಟಾಗಿದ್ದು ಅವಳಿಗೇ ಹೊಸದು.

“ಕೆಳತುಟಿ ನೋಡಿ. ಈ ಗಾಯ ನಾನು ಮಾಡಿದ್ದು. ಕೂಸಾಗಿದ್ದಾಗ ಚಮಚ ಬೀಸಿ ಹೊಡೆದಿದ್ನಂತೆ. ನೀವೂ ಅದನ್ನ ಬರ್ದಿದೀರಲ್ಲ. ಏನು ಅಂದ್ಕೊಂಡು ಬರ್ದ್ರಿ?”

ಟೆಲಿಫೋನಿನ ಕೊಳವೆ ತಾಗಿ ತಾಗಿ ಬಿದ್ದ ಗುರುತು ಅದು ಎಂದು ಪುಟ್ಟಿಗೆ ಅಪ್ಪ ಹೇಳಿದ್ದ.

“ಅಮ್ಮ ಹೋದಾಗ ಮನೇಲಿ ಅವಳದ್ದು ಒಂದು ಫೋಟೊನೂ ಇರ್ಲಿಲ್ಲ. ನಮ್ಮಪ್ಪ ಸ್ಟುಡಿಯೋದೋರನ್ನ ಕರ್ಕೊಂಡು ಬಂದ. ಅಮ್ಮನ್ನ ಕುರ್ಚೀಲಿ ಕೂರಿಸಿದ್ರು. ವಾಲ್ತಿದ್ಲು. ಬೀಳದ ಹಾಗೆ ಹಿಂದಿನಿಂದ ಹಿಡ್ಕೋ ಮರೀ ಅಂತ ನಂಗೆ ಹೇಳಿದ್ರು.” ಅವಳು ಫೋಟೊವನ್ನು ಪುಟ್ಟಿಯ ಕಡೆ ತಿರುಗಿಸಿ, ಕುರ್ಚಿಯ ಬೆನ್ನಿನ ಅಂಚನ್ನು ಉಗುರಿನಿಂದ ತೋರಿಸಿದಳು. “ಇಲ್ಲಿ ಉಬ್ಬಿದ್ಯಲ್ಲ, ಇದು ನನ್ನ ಬೆರಳು.”

ಅದನ್ನು ಕುರ್ಚಿಯ ಕೆತ್ತನೆ ಎಂದುಕೊಂಡು ದೊಡ್ಡ ಚಿತ್ರದಲ್ಲಿ ಪುಟ್ಟಿ ಮರದ ಬಣ್ಣ ಹಚ್ಚಿದ್ದಳು. ಹೊಳಪು ಬರಲೆಂದು ಎರಡು ಸಲ.

“ಫೋಟೊ ತರೋಕೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಅಪ್ಪ ನೋಡ್ದ. ಮುಖ ನಮ್ಮವಳದ್ದೇ, ನೋಡ್ತಿರೋಳು ಮಾತ್ರ ಬೇರೆ ಯಾರೋ ಅಂದ. ಅಲ್ಲೇ ಬಿಟ್ಟು ನನ್ನ ರಟ್ಟೆ ಹಿಡಿದು ಎಳ್ಕೊಂಡು ಬಂದ. ಬೀದಿ ಉದ್ದಕ್ಕೂ ಅಳ್ತಾ ಬಂದೆ. ಕಣ್ಣು ಯಾರದ್ದಾದ್ರೆ ನಂಗೇನು, ಅಮ್ಮ ಅಂಗಡೀಲಿ ಉಳಿದುಬಿಟ್ಲಲ್ಲ.”

ಎಲ್ಲರೂ ಯಜಮಾನರ ಕಡೆ ನೋಡಿದರು. ಅವರು ಕೈಗೋಲನ್ನು ಈ ಮೊಣಕಾಲಿನಿಂದ ಆ ಮೊಣಕಾಲಿಗೆ ಬದಲಾಯಿಸಿದರು.

“ಹೌದು. ಟಚ್ಚಪ್ಪ ಆಗಿನ್ನೂ ಹೊಸಬ. ಸತ್ತೋರ ರೆಪ್ಪೆ ಮೇಲೆ ಬಣ್ಣದಲ್ಲಿ ಕಣ್ಣು ತೆರೆಸೋದು ಅವಾಗ ಎಲ್ಲಾ ಸ್ಟುಡಿಯೋಲೂ ಇತ್ತು. ಅವನ ಕೈಯ ಮೊದಲ್ನೇ ಕಣ್ಣು ಇದೇ. ಆಮೇಲೂ ಅವನು ಬದಲಾಗ್ಲಿಲ್ಲ. ಗಂಡಸಿಗೂ ಇದೇ ಕಣ್ಣು, ಹೆಂಗಸಿಗೂ ಇದೇ ಕಣ್ಣು. ಲೋ ಮಾರಾಯ, ಸತ್ಮೇಲೆ ಈ ಊರಲ್ಲಿ ಎಲ್ರೂ ಒಂದೇ ಥರ ನೋಡ್ತಾರಲ್ಲೋ ಅಂತ ಬೈತಿದ್ದೆ. ಬೇರೆಯವ್ರು ಒಪ್ಕೊಂಡು ತಗೊಂಡು ಹೋದ್ರು. ದುಃಖದಲ್ಲಿರೋರು ಅಷ್ಟೆಲ್ಲ ನೋಡಲ್ಲ.” ಅವರು ಪುಟ್ಟಿಯ ಕೈಯಲ್ಲಿದ್ದ ಮುತ್ತಜ್ಜ, ದೊಡ್ಡಜ್ಜರ ಕಡೆ ಕಣ್ಣು ಹಾಯಿಸಿ ಬೇರೆ ಕಡೆ ನೋಡಿದರು. “ಯಾರೂ ಬಂದು ತಗೊಳ್ದೇ ಉಳಿದಿದ್ದನ್ನ ಅವನು ಮನೆಗೆ ತಂದಿಟ್ಕೊಂಡ.”

* * *

ಪ್ರದರ್ಶನ ಶುರುವಾದ ಸಂಜೆ ಅಪ್ಪ ಬಡಗಿಯ ಕೋಟು ತೊಟ್ಟುಕೊಂಡು ಬಂದಿದ್ದ. ತೋಳು ಉದ್ದವಾಗಿ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ಗ್ಯಾಲರಿಯ ಮೇಡಂ ಮೈಕು ಹಿಡಿದು, ತಲೆಮಾರುಗಳು ಬದಲಾದರೂ ಬದಲಾಗದ ಒಂದು ನೋಟದ ಬಗ್ಗೆ ಮಾತಾಡಿದರು. ಈ ಮನೆತನದ ಆಸ್ತಿ ಎಂದರೆ ಈ ಕಣ್ಣುಗಳೇ ಎಂದರು. ಚಪ್ಪಾಳೆ ಬಿತ್ತು. ಯಾರೋ ಅಪ್ಪನ ಮುಖಕ್ಕೆ ಮುಖವಿಟ್ಟು, “ಹೌದಲ್ರೀ, ನಿಮ್ಮ ಕಣ್ಣೂ ಥೇಟ್ ಅದೇ!” ಎಂದರು. ಅಪ್ಪ ಕೋಟಿನೊಳಗೆ ಕುಗ್ಗಿದ.

ಆಮೇಲೆ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನದೇ ದನಿ ಕೇಳಿದ. “ಅಯ್ಯೋ, ಇಲ್ಲಿ ತಪ್ಪು ಹೇಳಿದೀನಿ,” ಎಂದು ಗ್ಯಾಲರಿಗೆಲ್ಲ ಕೇಳುವಂತೆ ಕೂಗಿದ. “ಮುತ್ತಜ್ಜ ಆವತ್ತು ಗಡಿಯಾರ ನಿಲ್ಲಿಸಿರ್ಲಿಲ್ಲ!” ಜನ ನಕ್ಕರು. ಪುಟ್ಟಿಯೂ ನಕ್ಕಳು. ಅಷ್ಟು ಹೆಮ್ಮೆ ಅವಳಿಗೆ ಇನ್ಯಾವತ್ತೂ ಆಗಿರಲಿಲ್ಲ.

ಅಜ್ಜಿಯ ಮುಂದೆ ಮಾತ್ರ ಅವನು ಹೆಡ್‌ಫೋನ್ ಮುಟ್ಟಲಿಲ್ಲ.

“ಇದೊಂದನ್ನ ತೆಗೆದಿಡೋಕಾಗತ್ತಾ?”

“ಯಾಕಪ್ಪ?”

“ತುಂಬ ದೊಡ್ಡದಾಯ್ತು. ಯಾರಾದ್ರೂ ನೋಡಿಬಿಟ್ರೆ?”

“ನೋಡ್ಲಿ ಅಂತಾನೇ ಅಲ್ವಾ ಹಾಕಿರೋದು?”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಡಂ ಬಂದು ಪುಟ್ಟಿಯ ತೋಳು ಹಿಡಿದು ಯಾರನ್ನೋ ಪರಿಚಯಿಸಲು ಎಳೆದುಕೊಂಡು ಹೋದರು. ತಿರುಗಿ ನೋಡಿದಾಗ ಅಪ್ಪ ಅಜ್ಜಿಗೆ ಬೆನ್ನು ಮಾಡಿ, ಕಾವಲುಗಾರನ ಸ್ಟೂಲಿನಲ್ಲಿ ಕೂತು ಎದೆ ನೀವಿಕೊಳ್ಳುತ್ತಿದ್ದ. ಸೆಖೆ ಇರಬೇಕು ಎಂದುಕೊಂಡಳು.

* * *

“ಅತ್ತೆ, ಇದು ಅಜ್ಜಿ ಅಲ್ವಾ?”

ಅತ್ತೆ ನೆಲದಿಂದ ಕುಂಚಗಳನ್ನು ಆಯ್ದು ಒಂದೊಂದನ್ನೇ ಸೆರಗಿನಿಂದ ಒರೆಸುತ್ತಿದ್ದಳು. ತಲೆಯೆತ್ತಲಿಲ್ಲ.

“ನಿಮ್ಮಜ್ಜೀನ ನಾನೇ ನೋಡಿಲ್ಲ ಕಣೇ.”

“ಟೆಲಿಫೋನ್ ಆಫೀಸು?”

“ಯಾವ ಟೆಲಿಫೋನು, ಯಾವ ಆಫೀಸು. ನಾವಿಬ್ರೂ ಬೆಳೆದಿದ್ದು ಅನಾಥಾಲಯದಲ್ಲಿ. ನಾನು ಕೈಗೂಸು, ಅಣ್ಣ ಇನ್ನೂ ಶಾಲೆ ಮೆಟ್ಟಿಲು ಹತ್ತಿರ್ಲಿಲ್ಲ. ಗೇಟಿನ ಹತ್ರ ಅಮ್ಮ ಬಗ್ಗಿ ಅವನ ಅಂಗಿ ಗುಂಡಿ ಹಾಕಿ ಹೋದ್ಲಂತೆ. ಹೆಸರು ಏನೋ, ಊರು ಯಾವ್ದೋ. ಮುಖ ಅವನಿಗೂ ಅಳಿಸಿಹೋಯ್ತು. ಬಗ್ಗಿದಾಗ ಎದುರಿಗಿದ್ದ ಕಣ್ಣು ಮಾತ್ರ ಉಳೀತು.”

“ನಂಗೆ ಹೇಳ್ಬೋದಿತ್ತಲ್ಲ.”

“ಏನಂತ ಹೇಳೋದು? ನೀನು ಶಾಲೆಯಿಂದ ಬಂದು, ನಮ್ಮೋರು ಯಾರು, ಎಲ್ಲಿದಾರೆ ಅಂತ ಗಂಟು ಬಿದ್ದೆ. ಬರೀ ಒಂದು ಜೊತೆ ಕಣ್ಣು ತೋರಿಸಿ, ಇಷ್ಟೇ ಕಣಮ್ಮ ನಮ್ಮೋರು ಅನ್ನಕ್ಕಾಗತ್ತಾ? ಯಾರೂ ತಗೊಳ್ದ ಮುಖಗಳು ಹೇಗೂ ಮನೇಲಿದ್ವು. ಕತೆ ಹಚ್ಚಿದ. ನಂಗೂ ಹೇಳಿದ್ದ, ಮಗು ಮುಂದೆ ಬಾಯಿ ಬಿಟ್ಟೀಯ ಜೋಕೆ ಅಂತ.” ಅತ್ತೆ ಕುಂಚವೊಂದರ ಕೂದಲನ್ನು ಬೆರಳಿನಿಂದ ಚೂಪು ಮಾಡಿದಳು. “ನಂಗೆ ಅಷ್ಟೂ ನೆನಪಿಲ್ವಲ್ಲ. ಹೊಲಿದ ಬಟ್ಟೆ ಮನೆಮನೆಗೆ ಕೊಡೋಕೆ ಹೋಗ್ತಿದ್ದೆ ಆಗ. ಮೂಲೆ ಮನೆ ಗೋಡೆ ಮೇಲೆ ಅಮ್ಮ ಇದಾಳೆ, ನೋಡ್ಕೊಂಡು ಬಾ ಅಂತಿದ್ದ ಅಣ್ಣ. ಹೋಗಿ ನೋಡಿದ್ರೆ ಇಷ್ಟು ದಪ್ಪ ಮೀಸೆಯ ಮುದುಕ. ಅವನ ಹುಬ್ಬಿನ ಕೆಳಗೆ ನಮ್ಮಮ್ಮ. ನಗು ತಡ್ಕೊಳಕ್ಕಾಗ್ತಿರ್ಲಿಲ್ಲ. ನೀರು ಕೇಳಿ ಕುಡೀತಿದ್ದೆ, ಕುಡೀತಾ ಇನ್ನೊಂದ್ಸಲ ನೋಡ್ತಿದ್ದೆ.”

ಕಂಡಕ್ಟರ್ ಹೆಂಗಸು ಫೋಟೊವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ನೀವು ಹೇಳಿದ್ದು ಕೇಳಿ ಸಂಕಟ ಆಗತ್ತೆ,” ಎಂದಳು. “ಆದ್ರೆ ನಂಗೆ ನಿಮ್ಮಮ್ಮ ಬೇಡ. ನಮ್ಮಮ್ಮ ಬೇಕು. ನೋಡ್ತಾ ಇರೋ ಹಾಗ್ ಬೇಡ, ಕಡೇ ಸಲ ಹೇಗಿದ್ಲೋ ಹಾಗೇ ಸಾಕು. ಈ ಬಣ್ಣ ಹೋಗತ್ತಾ?”

“ಒದ್ದೆ ಹತ್ತಿ ಮುಟ್ಟಿಸಿದ್ರೆ ಹೋಗತ್ತೆ,” ಎಂದರು ಯಜಮಾನರು, ಹೇಳಿದ್ದಕ್ಕೆ ತಕ್ಷಣ ಮುಖ ಹಿಂಡಿದರು. “ಗಿರಾಕಿ ಒಪ್ಪಿದ ಮೇಲೇ ವಾರ್ನಿಷ್ ಬಳೀತಿದ್ವಿ. ಇದಕ್ಕೆ ಬಿದ್ದಿಲ್ಲ. ಒರೆಸಿದ್ರೆ ಅಡಿಯಲ್ಲಿರೋ ರೆಪ್ಪೆ ಹಾಗೇ ಬರತ್ತೆ. ಆದ್ರೆ ಪುಟ್ಟೀ, ಅವನು ನೆನಪಿಂದ ಬರ್ದಿದ್ದು ಇದೊಂದೇ ಕಣಮ್ಮ. ಆಮೇಲಿನವೆಲ್ಲ ಇದನ್ನ ಎದುರಿಗಿಟ್ಕೊಂಡು ನಕಲು ಮಾಡಿದ್ದು.”

“ಬೇಕಿದ್ರೆ ನಾನು ಬೇರೆ ಬರ್ದುಕೊಡ್ತೀನಿ,” ಎಂದಳು ಪುಟ್ಟಿ ಅವಸರದಲ್ಲಿ. “ಕಣ್ಣು ಮುಚ್ಚಿರೋದು. ದೊಡ್ಡದಾಗಿ. ಎಷ್ಟು ದೊಡ್ಡದು ಬೇಕಾದ್ರೂ.”

“ನೀವು ನನ್ನ ಬೆರಳನ್ನೇ ಮರ ಮಾಡಿದೀರ ತಾಯೀ.”

ಪುಟ್ಟಿಯ ಫೋನು ಹೊಡೆದುಕೊಂಡಿತು. ಗ್ಯಾಲರಿಯ ಮೇಡಂ. ಮೊದಲು ಸಂತಾಪ ಹೇಳಿದರು. ಆ ಹೆಂಗಸು ನಿನ್ನೆ ತಮಗೂ ಹೀಗೇ ಹೇಳಿದಳೆಂದರು. “ಯಾರ ಮುಖ ಆದ್ರೂ ಪರವಾಗಿಲ್ಲ ಕಣ್ರೀ, ಕತೆ ಇನ್ನೂ ಬಲವಾಯ್ತು. ಹೊಸ ಬೋರ್ಡ್ ಹಾಕ್ಸೋಣ. ಮೂಲ ಫೋಟೊ ಮಾತ್ರ ಯಾರ ಕೈಗೂ ಕೊಡ್ಬೇಡಿ.” ಪುಟ್ಟಿಗೆ ಮೈ ಪರಚಿಕೊಳ್ಳುವಂತಾಯಿತು. ಫೋಟೊ ಕೊಡಲ್ಲ ಎಂದು ತಾನೂ ಹೇಳಲು ಹೊರಟಿದ್ದಳು. ಫೋನು ಆರಿಸಿ ಮೇಜಿನ ಮೇಲಿಟ್ಟಳು.

“ಕೊಡಿ ಇಲ್ಲಿ,” ಎಂದು ಕೈ ಚಾಚಿದಳು. ಹೆಂಗಸು ಈ ಸಲ ಕೊಟ್ಟಳು.

ಹತ್ತಿರದಿಂದ ನೋಡಿದರೆ ಕುಂಚದ ಗೆರೆಗಳು ಕಾಣುತ್ತಿದ್ದವು. ಕೈ ಇನ್ನೂ ಕುದುರದವನ ಗೆರೆಗಳು. ಎಡಗಣ್ಣಿನ ಅಂಚು ಒಂದೆಡೆ ನಡುಗಿತ್ತು. ಎರಡು ಪಾಪೆಗಳಲ್ಲೂ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಕಣ್ಣಿನ ನೋಟ ಸ್ವಲ್ಪ ಕೆಳಗಿತ್ತು. ಇಷ್ಟು ವರ್ಷ ನೋಡಿದ್ದರೂ, ಅಳೆದು ಅಳೆದು ಗೋಡೆಯೆತ್ತರಕ್ಕೆ ಬರೆದಿದ್ದರೂ, ಆ ನೋಟ ಯಾಕೆ ಕೆಳಗಿದೆಯೆಂದು ಅವಳಿಗೆ ಇವತ್ತಿನವರೆಗೆ ತಿಳಿದಿರಲಿಲ್ಲ. ಚಿಕ್ಕ ಹುಡುಗನ ಅಂಗಿಯ ಗುಂಡಿ ಇರುವಷ್ಟು ಕೆಳಗೆ.

“ನನ್ ಕೈಲಾಗಲ್ಲ,” ಎಂದಳು. “ನಾನು ಒರೆಸಲ್ಲ, ಕೊಡೋದೂ ಇಲ್ಲ. ಅಪ್ಪನ್ನ ಈಗ ಕಳಿಸ್ಬೇಕು. ಎರಡೂ ಒಂದೇ ದಿನ ಆಗಲ್ಲ.”

ಬೀದಿಯಲ್ಲಿ ಶವವಾಹನ ಬಂದು ನಿಂತಿತು. ಚಾಲಕ ಹಾರನ್ ಮಾಡದೆ ಇಳಿದು, ಬಾಗಿಲು ತೆರೆದಿಟ್ಟು, ಗೇಟಿನ ಬಳಿ ಕೈಕಟ್ಟಿ ನಿಂತ. ಬಡಗಿ ಮತ್ತಿಬ್ಬರು ಒಳಗೆ ಹೋದರು. ಕಂಡಕ್ಟರ್ ಹೆಂಗಸು ಎದ್ದಳು. ಜಗಳವಾಡುವವಳಂತೆ ಕಾಣಲಿಲ್ಲ. ಚೀಲದ ಪಟ್ಟಿ ಭುಜಕ್ಕೇರಿಸಿಕೊಂಡು, ಎತ್ತ ಹೋಗಬೇಕೆಂದು ಮರೆತವಳ ಹಾಗೆ ನಿಂತಳು.

ಅತ್ತೆ ಕುಂಚಗಳನ್ನು ಕೆಳಗಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತು ಅವಳ ದನಿ ಕೇಳಿಸಿತು, ಅಣ್ಣನಿಗೆ ಏನೋ ಹೇಳುತ್ತಿದ್ದಳು, ಬೈದಂತಿತ್ತು. ಹೊರಗೆ ಬಂದಾಗ ಅವಳ ಒಂದು ಕೈಯಲ್ಲಿ ಹತ್ತಿ ಇತ್ತು, ಇನ್ನೊಂದರಲ್ಲಿ ಲೋಟದ ತುಂಬ ನೀರು.

“ಅತ್ತೆ, ಬೇಡ.”

“ಸರಿ ಆಚೆ.”

“ನಿಮಗೆ ಇನ್ನೊಂದು ಸಿಗಲ್ಲ ಅತ್ತೆ. ಇದೇ ಮೊದಲ್ನೇದು.”

“ಗೊತ್ತು ಕಣೇ,” ಎಂದಳು ಅತ್ತೆ. “ಆದ್ರೆ ನಾನು ಊರಿನ ಮನೆಮನೆಗೂ ಹೋಗಿ ಅಮ್ಮನ್ನ ನೋಡಿ ಬಂದೋಳು. ಇವಳು ಎಲ್ಲಿಗೆ ಹೋಗ್ಬೇಕು?”

ಪುಟ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವಳು ಫೋಟೊ ತೆಗೆದುಕೊಂಡಳು. ಪುಟ್ಟಿ ತಡೆಯಲಿಲ್ಲ. ಅತ್ತೆ ಅದನ್ನು ಮೇಜಿನ ಮೇಲೆ, ಅಪ್ಪ ಕೆಲಸ ಮಾಡುತ್ತಿದ್ದ ಕಡೆಗೆ ಇಟ್ಟಳು. ಹತ್ತಿಯನ್ನು ನೀರಿಗದ್ದಿ ಹಿಂಡಿದಳು. ಕನ್ನಡಕ ಸರಿಮಾಡಿಕೊಂಡು, ಬಟ್ಟೆಯಿಂದ ತಪ್ಪು ಹೊಲಿಗೆ ಬಿಚ್ಚುವವಳಂತೆ ಬಗ್ಗಿದಳು. ಮೊದಲು ಬಲಗಣ್ಣಿನ ಬಿಳಿ ಚುಕ್ಕೆ ಹೋಯಿತು. ಆಮೇಲೆ ಕಂದು ಬಣ್ಣ ಕದಡಿ ಕೆನ್ನೆಗೆ ಇಳಿಯಿತು. ಅವಳು ಅದನ್ನು ಹತ್ತಿಯ ಅಂಚಿನಿಂದ ಹೀರಿಕೊಂಡಳು. ಅಡಿಯಿಂದ ರೆಪ್ಪೆ ಬಂತು, ನಯವಾಗಿ, ಮುಚ್ಚಿಕೊಂಡು. ಕ್ಷಣಕಾಲ ಆ ಮುಖ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ಬಿಟ್ಟುಕೊಂಡು, ಏನೋ ತುಂಟತನ ಮಾಡುವ ಹಾಗಿತ್ತು. ಅತ್ತೆ ಅಲ್ಲಿಗೆ ಕೈ ನಿಲ್ಲಿಸಿದಳು. ಎಡಗಣ್ಣನ್ನು ಎಷ್ಟು ಹೊತ್ತು ನೋಡಿದಳೆಂದರೆ, ಒಳಗಿನಿಂದ ಅಪ್ಪನನ್ನು ಎತ್ತಿಕೊಂಡು ಬಂದ ಬಡಗಿ ಮತ್ತಿಬ್ಬರು ಭಾರ ಹೊತ್ತುಕೊಂಡೇ ಬಾಗಿಲಲ್ಲಿ ಕಾದರು. ಆಮೇಲೆ ಅದನ್ನೂ ಒರೆಸಿದಳು.

“ಇಗೋ,” ಎಂದಳು. “ನಿಮ್ಮಮ್ಮ.”

ಕಂಡಕ್ಟರ್ ಹೆಂಗಸು ಬಗ್ಗಿ ನೋಡಿದಳು. ಕುರ್ಚಿಯ ಬೆನ್ನಿನ ಮೇಲೆ, ತನ್ನ ಚಿಕ್ಕ ಬೆರಳು ಇದ್ದಲ್ಲಿ, ಈಗಿನ ಬೆರಳನ್ನು ಇಟ್ಟು ಹಾಗೇ ಹಿಡಿದುಕೊಂಡಳು. ಅವರ ಪಕ್ಕದಿಂದ ಅಪ್ಪ ಮೆಟ್ಟಿಲಿಳಿದು ಹೋದ. ಪುಟ್ಟಿ ಅವನ ಹಿಂದೆ ಎರಡು ಹೆಜ್ಜೆ ಇಟ್ಟು, ಅತ್ತೆ ಬರಲೆಂದು ನಿಂತಳು.

ಅತ್ತೆ ಮೇಜಿನ ಬಳಿಯೇ ಇದ್ದಳು. ಕಂಡಕ್ಟರ್ ಹೆಂಗಸು ಮೂಗೊರೆಸಿಕೊಂಡು, ಏನಾದರೂ ಮಾಡಬೇಕೆಂಬ ಅವಸರದಲ್ಲಿ, ಅಂಗೈ ಚಾಚಿದಳು.

“ಆ ಹತ್ತಿ ಕೊಡಿ ಅಮ್ಮ, ನಾನು ಆಚೆ ಎಸೀತೀನಿ.”

ಅತ್ತೆಯ ಮುಷ್ಟಿ ಬಿಗಿಯಿತು. ಬೆರಳ ಸಂದಿಯಿಂದ ಕಂದು ನೀರು ಒಸರಿ ಮಣಿಕಟ್ಟಿನವರೆಗೆ ಇಳಿಯಿತು.

“ಬೇಡ,” ಎಂದಳು.